ಸಂಜೆ ಔಷಧಿ, ಬೆಳಿಗ್ಗೆ ಕುಯ್ಲು: ಮಿಡಿಸೌತೆ ರಫ್ತಿನ ಒಳಲೆಕ್ಕ

ತುಮಕೂರು ಜಿಲ್ಲೆಯ ಒಂದು ಊರು. ಹೊತ್ತು ಇಳಿಯುವಾಗ ಹಾಲಿನ ಡೈರಿ ಪಕ್ಕದ ಶೆಡ್ಡಿನ ಮುಂದೆ ಒಬ್ಬೊಬ್ಬರೇ ಬಂದು ಕ್ರೇಟು ಇಳಿಸುತ್ತಾರೆ. ಕಿರುಬೆರಳಿನಷ್ಟು ಉದ್ದದ, ಮೈಯೆಲ್ಲ ಮುಳ್ಳುಮುಳ್ಳಾದ ಹಸಿರು ಕಾಯಿ. ಇಲಾಖೆಯ ಕಾಗದದಲ್ಲಿ ಇದರ ಹೆಸರು ಮಿಡಿಸೌತೆ, ಬೆಳೆಯುವವರ ಬಾಯಲ್ಲಿ ಗರ್ಕಿನ್. ತಕ್ಕಡಿ ಹತ್ತಿರ ನಿಂತ ಕಂಪನಿಯ ಫೀಲ್ಡ್‌ಮನ್ ಒಂದು ಕಾಯಿ ಎತ್ತಿ ಮೂಗಿನ ಬಳಿ ಹಿಡಿಯುತ್ತಾನೆ.

"ಏನಕ್ಕಾ, ನಿನ್ನೆ ಔಷಧಿ ಹೊಡೆದ್ರಾ?"

"ಹೂಂ ಕಣಪ್ಪಾ, ಎಲೆ ಎಲ್ಲಾ ಹಳದಿಗೆ ತಿರುಗ್ತಿತ್ತು. ಬಿಟ್ಟಿದ್ರೆ ಬಳ್ಳಿನೇ ಹೋಗಿರೋದು."

"ಹೊಡೆದ ಮೇಲೆ ಮೂರು ದಿನ ಕುಯ್ಯಬಾರದು ಅಂತ ಹೇಳಿದ್ನಲ್ಲಾ."

"ಮೂರು ದಿನ ಬಿಟ್ರೆ ಅದು ಗರ್ಕಿನ್ ಆಗಿರುತ್ತಾ? ಸಾಂಬಾರಿಗೆ ಹಾಕೋ ಸೌತೆಕಾಯಾಗಿ ಕೂತಿರುತ್ತೆ. ಆಮೇಲೆ ನೀವೇ ತಾನೆ ಕೊನೇ ನಂಬರ್‌ಗೆ ಹಾಕಿ ರೇಟು ಇಳ್ಸೋದು?"

ಫೀಲ್ಡ್‌ಮನ್ ಸುಮ್ಮನಾಗುತ್ತಾನೆ. ಕ್ರೇಟು ತಕ್ಕಡಿ ಏರುತ್ತದೆ.

ಸಂಸ್ಕರಿಸಿದ ಹಣ್ಣು, ತರಕಾರಿಯ ರಫ್ತು ಮತ್ತು ಅಂತರರಾಷ್ಟ್ರೀಯ ಗುಣಮಟ್ಟದ ಬಗ್ಗೆ ಬೆಂಗಳೂರಿನ ಹೋಟೆಲುಗಳಲ್ಲಿ ಕಾರ್ಯಾಗಾರಗಳಿಗೇನೂ ಬರವಿಲ್ಲ. ಅಲ್ಲಿ ಮಾತೆಲ್ಲ ಲ್ಯಾಬು, ಆಡಿಟ್ಟು, ಸರ್ಟಿಫಿಕೇಟುಗಳ ಸುತ್ತ. ನನ್ನ ಅನಿಸಿಕೆಯಲ್ಲಿ ರಫ್ತಿನ ಸುರಕ್ಷತೆಯ ಮುಕ್ಕಾಲು ಪಾಲು ತೀರ್ಮಾನ ಆಗುವುದು ಮೇಲಿನ ನಾಲ್ಕು ಮಾತಿನಲ್ಲಿ. ಹೊಡೆದ ಔಷಧಿ ಇಳಿಯುವವರೆಗೆ ಕಾಯುವ ದಿನಗಳ ನಷ್ಟ ಯಾರ ತಲೆಗೆ ಅನ್ನುವುದೇ ಅಲ್ಲಿನ ಪ್ರಶ್ನೆ. ಅದಕ್ಕೆ ಉತ್ತರ ಹುಡುಕದೆ ಕಾರ್ಖಾನೆಯೊಳಗೆ ಎಷ್ಟು ಕೋಟಿ ಸುರಿದರೂ ಸೋರುವ ಕೊಡಕ್ಕೆ ನೀರು ತುಂಬಿದಂತೆ.

ಮೊದಲು ಈ ವ್ಯಾಪಾರದ ಗಾತ್ರ ನೋಡಿ. ನಮ್ಮಲ್ಲಿ ಯಾರೂ ಉಣ್ಣದ ಈ ಕಾಯಿ ಕರ್ನಾಟಕಕ್ಕೆ ಬಂದದ್ದು 1990ರ ದಶಕದ ಆರಂಭದಲ್ಲಿ. ಇಲ್ಲಿಂದ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೆ ಹರಡಿತು. ಕೇಂದ್ರ ಸರ್ಕಾರ 2022ರ ಜನವರಿಯಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಜಗತ್ತಿಗೆ ಬೇಕಾದ ಮಿಡಿಸೌತೆಯಲ್ಲಿ ಸುಮಾರು 15% ಭಾರತದ್ದು. ಸುಮಾರು 90,000 ಸಣ್ಣ, ಅತಿಸಣ್ಣ ರೈತರು ವರ್ಷಕ್ಕೆ 65,000 ಎಕರೆಯಲ್ಲಿ ಇದನ್ನು ಕರಾರಿನ ಮೇಲೆ ಬೆಳೆಯುತ್ತಾರೆ. 2020-21ರಲ್ಲಿ ಹೊರಗೆ ಹೋದದ್ದು 2,23,515 ಟನ್, ಬಂದ ಹಣ 22.3 ಕೋಟಿ ಡಾಲರ್. ಅಮೆರಿಕ, ಫ್ರಾನ್ಸ್, ಜರ್ಮನಿ, ಸ್ಪೇನ್, ರಷ್ಯಾ, ಆಸ್ಟ್ರೇಲಿಯಾ ಎಂದು ಇಪ್ಪತ್ತಕ್ಕೂ ಹೆಚ್ಚು ದೇಶಗಳಿಗೆ ಹೋಗುತ್ತದೆ. ಒಂದಷ್ಟು ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ವಿನೆಗರ್ ಇಲ್ಲವೇ ಉಪ್ಪುನೀರಿನಲ್ಲಿ ಮುಳುಗಿ, ಒಂದಷ್ಟು ನೇರ ತಿನ್ನುವಂತೆ ಗಾಜಿನ ಬಾಟಲಿಗಳಲ್ಲಿ.

ಅಂತರರಾಷ್ಟ್ರೀಯ ಮಾನದಂಡ ಅಂದಕೂಡಲೇ ಎಲ್ಲೋ ಒಂದು ದಪ್ಪ ಪುಸ್ತಕ ಇದೆ, ಅದನ್ನು ಪಾಲಿಸಿದರೆ ಆಯಿತು ಅನಿಸುತ್ತದೆ. ಪುಸ್ತಕ ಇದೆ ನಿಜ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ, ಕೃಷಿ ಸಂಸ್ಥೆ ಸೇರಿ 1963ರಲ್ಲಿ ಹುಟ್ಟುಹಾಕಿದ ಕೋಡೆಕ್ಸ್ ಆಯೋಗ ಉಪ್ಪಿನಲ್ಲಿಟ್ಟ ಸೌತೆಗೂ 1981ರಲ್ಲಿ ಒಂದು ಮಾನದಂಡ ಬರೆದಿದೆ. ಆದರೆ ಕೋಡೆಕ್ಸ್ ಹೇಳಿದ್ದು ಯಾರಿಗೂ ಕಡ್ಡಾಯವಲ್ಲ. ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ಜಗಳ ಬಂದಾಗ ಅದನ್ನು ತೆರೆದು ನೋಡುತ್ತಾರೆ, ಅಷ್ಟೇ. ದಿನನಿತ್ಯದ ವ್ಯವಹಾರದಲ್ಲಿ ನಡೆಯುವುದು ಆಯಾ ದೇಶದ ಕಾನೂನು. ಅದರ ಮೇಲೆ ಖರೀದಿದಾರನ ಸ್ವಂತ ಕಾನೂನು. ಜರ್ಮನಿಯ ಕೆಲವು ಸೂಪರ್‌ಮಾರ್ಕೆಟ್‌ಗಳು ಹಣ್ಣು ತರಕಾರಿಯಲ್ಲಿ ಕೀಟನಾಶಕದ ಉಳಿಕೆ ಕಾನೂನು ಒಪ್ಪುವ ಮಿತಿಯ ಮೂರನೇ ಒಂದು ಭಾಗ ದಾಟಬಾರದು ಅನ್ನುತ್ತವೆ. ಇದರ ಜೊತೆಗೆ ಬಿಆರ್‌ಸಿ, ಐಎಫ್‌ಎಸ್, ಎಫ್‌ಎಸ್‌ಎಸ್‌ಸಿ 22000 ಎಂಬ ಖಾಸಗಿ ಸರ್ಟಿಫಿಕೇಟುಗಳು, ಯಹೂದಿ ಗಿರಾಕಿಗಳಿಗೆ ಕೋಷರ್, ಅರಬ್ ದೇಶಗಳಿಗೆ ಹಲಾಲ್. ಒಂದು ಕಾರ್ಖಾನೆಯ ಸ್ವಾಗತ ಕೊಠಡಿಯ ಗೋಡೆಯಲ್ಲಿ ನಾನು ಎಣಿಸಿದ್ದು ಹನ್ನೊಂದು ಫ್ರೇಮು. ದೇವರ ಪಟಕ್ಕೆ ಮೂಲೆಯಲ್ಲಿ ಜಾಗ ಮಾಡಿಕೊಟ್ಟಿದ್ದರು.

ಅಮೆರಿಕದ ಮುಖ್ಯ ಭಯ ಸೂಕ್ಷ್ಮಾಣುವಿನದು. ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಣ್ಣಿಗೆ ವಿನೆಗರಿನಲ್ಲಿಟ್ಟ ಸೌತೆ 'ಆಮ್ಲ ಸೇರಿಸಿದ ಆಹಾರ'. ಇದಕ್ಕಾಗಿ 1979ರಿಂದ ಪ್ರತ್ಯೇಕ ನಿಯಮವೇ ಇದೆ, ಅದರ ತಿರುಳು ಒಂದೇ ಅಂಕಿ: 4.6. ಬಾಟಲಿಯೊಳಗಿನ ಪಿಎಚ್, ಅಂದರೆ ಹುಳಿಯ ಅಳತೆ, ಇದಕ್ಕಿಂತ ಮೇಲೆ ಹೋಗಬಾರದು; ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಬಾಟುಲಿಸಂ ಎಂಬ ಪ್ರಾಣಾಂತಿಕ ಆಹಾರವಿಷ ತರುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಗಾಳಿಯಾಡದ ಮುಚ್ಚಿದ ಬಾಟಲಿ ಅವಕ್ಕೆ ತವರುಮನೆ ಇದ್ದಂತೆ. ಆದರೆ ಪಿಎಚ್ 4.6ರ ಕೆಳಗಿದ್ದರೆ ಅವು ಮೊಳೆಯಲಾರವು. ಇಲ್ಲಿ ಅನುಭವಿಗಳೂ ಎಡವುವ ಒಂದು ಸೂಕ್ಷ್ಮವಿದೆ. ಸುತ್ತಲಿನ ವಿನೆಗರಿನ ಪಿಎಚ್ ಮೊದಲ ಗಳಿಗೆಯಿಂದಲೇ ಕಡಿಮೆ ಇರುತ್ತದೆ, ಕಾಯಿಯ ನಡುಗರ್ಭಕ್ಕೆ ಹುಳಿ ಇಳಿಯಲು ಸಮಯ ಬೇಕು. ಹಾಗಾಗಿ ಅಳೆಯಬೇಕಾದದ್ದು ಮೇಲಿನ ದ್ರವವನ್ನಲ್ಲ. ಕಾಯಿಯನ್ನು ಅರೆದು, ಒಳಗೂ ಹೊರಗೂ ಹುಳಿ ಸಮವಾದ ಮೇಲಿನ ಪಿಎಚ್ ನೋಡಬೇಕು. ದಪ್ಪ ಕಾಯಿ ಒಂದು ನಾಲ್ಕು ತಪ್ಪಿ ಸಣ್ಣ ಗ್ರೇಡಿಗೆ ಸೇರಿಕೊಂಡರೆ ಲೆಕ್ಕ ಕೆಟ್ಟಿತು. ಬಾಟಲಿಯ ಮಟ್ಟಿಗೆ ಕಾಯಿಯ ನಡುಭಾಗ 74 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಇರಬೇಕು ಎನ್ನುವುದು ಹಳೆಯ, ಪಳಗಿದ ಲೆಕ್ಕ. ಬೇರೆ ಬ್ಯಾಕ್ಟೀರಿಯಾ, ಯೀಸ್ಟು ಸಾಯಲು ಮತ್ತು ಕಾಯಿ ಮೆತ್ತಗಾಗದಿರಲು ಅಷ್ಟು ಬಿಸಿ ಸಾಕು. ಕಾರ್ಖಾನೆ ಎಫ್‌ಡಿಎ ಬಳಿ ನೋಂದಾಯಿಸಿಕೊಳ್ಳಬೇಕು, ಬಾಟಲಿಯ ಒಂದೊಂದು ಅಳತೆಗೂ ಸಂಸ್ಕರಣೆಯ ವಿವರ ಸಲ್ಲಿಸಬೇಕು, ದಾಖಲೆಗಳನ್ನು ಮೂರು ವರ್ಷ ಇಟ್ಟುಕೊಂಡಿರಬೇಕು. 2011ರ ಹೊಸ ಆಹಾರ ಸುರಕ್ಷತಾ ಕಾನೂನು ಬಂದ ಮೇಲೆ ಅಲ್ಲಿನ ಆಮದುದಾರನೂ ಜವಾಬ್ದಾರ. ಹಾಗಾಗಿ ಪ್ರಶ್ನೆಪತ್ರಿಕೆಗಳು ಈಗ ಅಧಿಕಾರಿಗಿಂತ ಮೊದಲು ಗಿರಾಕಿಯಿಂದಲೇ ಬರುತ್ತವೆ.

ಈ ಭಾಗವನ್ನು ನಮ್ಮ ಕಾರ್ಖಾನೆಗಳು ಚೆನ್ನಾಗಿಯೇ ಕಲಿತಿವೆ. ಪಿಎಚ್ ಮೀಟರು, ಥರ್ಮಾಮೀಟರು, ಮೆಟಲ್ ಡಿಟೆಕ್ಟರು, ಗಾಜು ಒಡೆದರೆ ಲೈನು ನಿಲ್ಲಿಸಿ ಎಷ್ಟು ಬಾಟಲಿ ಎಸೆಯಬೇಕೆಂಬ ಲೆಕ್ಕ, ಎಲ್ಲವೂ ನಾಲ್ಕು ಗೋಡೆಯೊಳಗಿನ ಮಾತು. ಒದ್ದೆ ಸೌಟು ಹಾಕಿದರೆ ಉಪ್ಪಿನಕಾಯಿ ಭರಣಿ ಕೆಡುತ್ತದೆ ಎಂದು ಗದರುವ ಅಜ್ಜಿಯರ ನಾಡಿನವರಿಗೆ ಅಪಾಯ ಎಲ್ಲಿ ನುಸುಳೀತೆಂದು ಮೊದಲೇ ಗುರುತಿಸಿ ಅಲ್ಲೇ ತಡೆಯುವ ಹ್ಯಾಸಪ್ ತತ್ವ ಅರ್ಥವಾಗಲು ಕಷ್ಟವೇನಿಲ್ಲ. ಕಷ್ಟ ಶುರುವಾಗುವುದು ಯುರೋಪಿನ ಕಡೆಗೆ ಹೊರಟಾಗ. ಅಲ್ಲಿನ ಮುಖ್ಯ ಭಯ ರಾಸಾಯನಿಕದ್ದು, ರಾಸಾಯನಿಕ ಹುಟ್ಟುವುದು ಗೋಡೆಯ ಆಚೆ.

ಐರೋಪ್ಯ ಒಕ್ಕೂಟದ 2005ರ ನಿಯಮ, ಸಂಖ್ಯೆ 396, ಒಂದೊಂದು ಬೆಳೆಗೂ ಒಂದೊಂದು ಕೀಟನಾಶಕಕ್ಕೂ ಉಳಿಕೆಯ ಗರಿಷ್ಠ ಮಿತಿ ಹಾಕಿದೆ. ಅದರ ಪಟ್ಟಿಯಲ್ಲಿ ಮಿಡಿಸೌತೆಗೆ ತನ್ನದೇ ಸಾಲು ಉಂಟು. ಯಾವ ಮಿತಿಯನ್ನೂ ನಮೂದಿಸದ ಕಡೆ ತಾನಾಗಿ ಅನ್ವಯಿಸುವುದು ಕೆಜಿಗೆ 0.01 ಮಿಲಿಗ್ರಾಂ. ಈ ಅಂಕಿಯನ್ನು ಕಾಗದದ ಮೇಲೆ ನೋಡಿದರೆ ಏನೂ ಅನಿಸುವುದಿಲ್ಲ, ಹಾಗಾಗಿ ಕಂಟೇನರಿಗೆ ಬಿಡಿಸಿ ನೋಡೋಣ. ಒಂದು ಕಂಟೇನರಿನಲ್ಲಿ 18 ಟನ್ ಕಾಯಿ ಅಂತಿಟ್ಟುಕೊಳ್ಳಿ. ಅಷ್ಟಕ್ಕೂ ಸೇರಿ ಇರಬಹುದಾದ ಔಷಧಿಯ ಅಂಶ 0.18 ಗ್ರಾಂ. ಮಜ್ಜಿಗೆಗೆ ಹಾಕುವ ಚಿಟಿಕೆ ಉಪ್ಪು ಇದಕ್ಕಿಂತ ಹೆಚ್ಚು ತೂಗುತ್ತದೆ. ನಿನ್ನೆ ಭತ್ತಕ್ಕೆ ಹೊಡೆದ ಪಂಪನ್ನು ತೊಳೆಯದೆ ಇವತ್ತು ಗರ್ಕಿನ್‌ಗೆ ಹೆಗಲೇರಿಸಿದರೆ ಸಾಕು. ಪಕ್ಕದ ಟೊಮ್ಯಾಟೊ ಹೊಲದವನು ಗಾಳಿ ಬೀಸುವಾಗ ಹೊಡೆದರೂ ಸಾಕು.

ಈ ಪಟ್ಟಿ ನಿಂತ ನೀರೂ ಅಲ್ಲ. ಕ್ಲೋರ್‌ಪೈರಿಫಾಸ್‌ಗೆ ಒಕ್ಕೂಟ 2020ರ ಜನವರಿಯಲ್ಲಿ ಪರವಾನಗಿ ನಿಲ್ಲಿಸಿತು. ಅದೇ ವರ್ಷದ ನವೆಂಬರಿನಿಂದ ಮಿತಿ 0.01ಕ್ಕೆ ಕುಸಿಯಿತು. ನಮ್ಮ ಹೋಬಳಿ ಅಂಗಡಿಗಳಲ್ಲಿ ಹೆಸರು ಹೇಳಿದರೆ ಮೊದಲು ಕೈಗೆ ಬರುವ ಡಬ್ಬಿಗಳಲ್ಲಿ ಅದೂ ಒಂದು. ಮಿಡಿಸೌತೆಯ ದೊಡ್ಡ ಶತ್ರು ಬೂಜು ತುಪ್ಪಟ ರೋಗ. ಮೋಡ ಮುಚ್ಚಿದ ಎರಡು ದಿನ ಸಾಕು, ಎಲೆಯ ಮೇಲೆ ಹಳದಿ ಚೌಕ ಚೌಕವಾಗಿ ಮೂಡುತ್ತದೆ. ಅದಕ್ಕೆ ರೈತರು ನೆಚ್ಚಿಕೊಂಡ ಅಗ್ಗದ ಮದ್ದು ಮ್ಯಾಂಕೋಜೆಬ್. ಅದರ ಪರವಾನಗಿಯನ್ನೂ ಒಕ್ಕೂಟ 2020ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಬದಲಿ ಔಷಧಿಗಳಿವೆ, ಬೆಲೆ ಹಲವು ಪಟ್ಟು. ಇನ್ನೊಂದು ತೊಡಕು ನಮ್ಮದೇ. ಯಾವ ಔಷಧಿಯನ್ನು ಯಾವ ಬೆಳೆಗೆ ಬಳಸಬಹುದು ಎಂಬುದನ್ನು 1968ರ ಕೀಟನಾಶಕ ಕಾಯ್ದೆಯಡಿ ಕೇಂದ್ರದ ಮಂಡಳಿ ಬೆಳೆವಾರು ನೋಂದಾಯಿಸುತ್ತದೆ. ಭತ್ತ, ಹತ್ತಿಗೆ ನೋಂದಣಿ ಮಾಡಿಸಲು ಕಂಪನಿಗಳು ನಾಮುಂದು ತಾಮುಂದು ಅನ್ನುತ್ತವೆ. 65,000 ಎಕರೆಯ ಬೆಳೆಗೆ ಪ್ರಯೋಗ ಮಾಡಿ ಖರ್ಚು ಮಾಡುವವರು ಯಾರು? ಹೀಗಾಗಿ ಸೌತೆಗೆ ನಡೆಯುತ್ತದಲ್ಲ, ಇದಕ್ಕೂ ನಡೆದೀತು ಎಂಬ ಅಂದಾಜಿನಲ್ಲೇ ಅರ್ಧ ಸಿಂಪಡಣೆ ನಡೆಯುತ್ತದೆ.

ಅಂದಹಾಗೆ, ವಿಷಕ್ಕೆ ನಾವು ಔಷಧಿ ಎಂದೇ ಕರೆಯುತ್ತೇವೆ, ಉತ್ತರ ಕರ್ನಾಟಕದ ಕಡೆ ಎಣ್ಣೆ ಅನ್ನುತ್ತಾರೆ. 'ಕಾಯುವ ಅವಧಿ' ಎಂಬ ಪಾಠ ಅಷ್ಟು ಬೇಗ ತಲೆಗಿಳಿಯದಿರಲು ಇದೂ ಒಂದು ಕಾರಣ ಇದ್ದೀತು. ಔಷಧಿ ತಿಂದು ಯಾರಿಗಾದರೂ ಕೇಡಾಗುತ್ತದೆಯೇ?

ಒಂದು ದೇಶಕ್ಕೆ ಸರಿಯಾದದ್ದು ಇನ್ನೊಂದಕ್ಕೆ ತಪ್ಪು ಎನ್ನುವುದಕ್ಕೆ ಇಥಿಲೀನ್ ಆಕ್ಸೈಡ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. ಬಾಟಲಿಯೊಳಗೆ ಸೌತೆಯ ಜೊತೆ ಸಾಸಿವೆ, ಮೆಣಸು, ಸಬ್ಬಸಿಗೆ ಬೀಜ ಬೀಳುತ್ತವೆ. ಒಣ ಮಸಾಲೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದೆಂದು ಅಮೆರಿಕಕ್ಕೆ ಹೆದರಿಕೆ. ಅದನ್ನು ಕೊಲ್ಲುವ ಈ ಅನಿಲದ ಉಳಿಕೆ 7 ಪಿಪಿಎಂವರೆಗೆ, ಅಂದರೆ ಕೆಜಿಗೆ 7 ಮಿಲಿಗ್ರಾಂವರೆಗೆ, ಇರಬಹುದು ಎಂದು ಅಲ್ಲಿನ ನಿಯಮ ಒಪ್ಪುತ್ತದೆ. ಯುರೋಪು ಅದೇ ಅನಿಲವನ್ನು ಕ್ಯಾನ್ಸರ್‌ಕಾರಕ ಎಂದು ಹೊರಗಿಟ್ಟಿದೆ, ಮಸಾಲೆಗೆ ಅಲ್ಲಿ ಮಿತಿ 0.1. ಎಪ್ಪತ್ತು ಪಟ್ಟು ಅಂತರ. 2020ರಲ್ಲಿ ಭಾರತದ ಎಳ್ಳಿಗೆ, 2024ರ ಏಪ್ರಿಲಿನಲ್ಲಿ ಹಾಂಕಾಂಗ್, ಸಿಂಗಪುರದಲ್ಲಿ ನಮ್ಮ ಮಸಾಲೆಪುಡಿಗಳಿಗೆ ಬಂದ ಕಂಟಕ ಇದರದೇ. ಎರಡೂ ಕಡೆ ಮಾರುವ ಕಾರ್ಖಾನೆ ಎರಡು ಚೀಲ ಸಾಸಿವೆಯನ್ನು ಬೇರೆಬೇರೆ ಕೋಣೆಯಲ್ಲಿಡಬೇಕು. ಹೇಳುವುದು ಮರೆತೆ: ನಮ್ಮ ಒಗ್ಗರಣೆಯ ಸಾಸಿವೆ ಯುರೋಪಿನಲ್ಲಿ ಲೇಬಲ್ಲಿನ ಮೇಲೆ ಎದ್ದು ಕಾಣುವಂತೆ ನಮೂದಿಸಬೇಕಾದ ಹದಿನಾಲ್ಕು ಅಲರ್ಜಿಕಾರಕಗಳಲ್ಲಿ ಒಂದು. ಅಮೆರಿಕದ ಒಂಬತ್ತರ ಪಟ್ಟಿಯಲ್ಲಿ ಅದಿಲ್ಲ.

ತೊಳೆದರೂ ತಪ್ಪಾಗುವ ಪ್ರಸಂಗವೂ ಉಂಟು. ಹೊಲದ ಮಣ್ಣು, ಸೂಕ್ಷ್ಮಾಣು ಹೋಗಲೆಂದು ಕಾಯಿಯನ್ನು ಕ್ಲೋರಿನ್ ನೀರಿನಲ್ಲಿ ತೊಳೆಯುತ್ತಾರೆ. ಬಿಸಿಲಲ್ಲಿ ತಿಂಗಳುಗಟ್ಟಲೆ ಇಟ್ಟ ಹೈಪೋಕ್ಲೋರೈಟ್ ಕ್ಯಾನಿನಲ್ಲಿ ಕ್ಲೋರೇಟ್ ಎಂಬ ಲವಣ ಹೆಚ್ಚುತ್ತಾ ಹೋಗುತ್ತದೆ, ಅದು ಕಾಯಿಗೂ ಅಂಟುತ್ತದೆ. 2020ರ ಜೂನ್ ಕೊನೆಯಿಂದ ಯುರೋಪಿನಲ್ಲಿ ಕ್ಲೋರೇಟಿಗೂ ಮಿತಿ ಇದೆ, ಅದೂ ಕೀಟನಾಶಕದ ಉಳಿಕೆಯ ಪಟ್ಟಿಯಲ್ಲೇ! ಪರಿಹಾರ ಸರಳ: ಹೊಸ ಸರಕು, ನೆರಳಿನ ಗೋದಾಮು, ಕೊನೆಗೊಮ್ಮೆ ಶುದ್ಧ ನೀರಿನ ಜಾಲಾಟ. ಆದರೆ ಗೊತ್ತಾಗುವ ಮೊದಲು ಎಷ್ಟು ಜನ ಹೊಲದಲ್ಲಿ ತಪ್ಪು ಹುಡುಕಿದರೋ.

ಹಾಗಾದರೆ ಲ್ಯಾಬ್ ಯಾಕಿದೆ, ಪರೀಕ್ಷಿಸಿ ಕೆಟ್ಟದ್ದನ್ನು ಬೇರೆ ಮಾಡಬಹುದಲ್ಲ ಅನ್ನಬಹುದು. ಬೆಂಗಳೂರಿನಲ್ಲೇ ಕೃಷಿ ರಫ್ತಿನ ಕೇಂದ್ರ ಸಂಸ್ಥೆ ಅಪೇಡಾದ ಮಾನ್ಯತೆ ಪಡೆದ ಲ್ಯಾಬುಗಳಿವೆ, ನೂರಾರು ಔಷಧಿಗಳ ಉಳಿಕೆಯನ್ನು ಒಂದೇ ಮಾದರಿಯಲ್ಲಿ ಹುಡುಕುವ ಯಂತ್ರಗಳಿವೆ. ಆದರೆ ಕುಯ್ದ ಕಾಯಿ ಒಂದು ದಿನದೊಳಗೆ ಉಪ್ಪುನೀರು ಸೇರದಿದ್ದರೆ ಬಾಡುತ್ತದೆ, ಒಳಗೆ ಟೊಳ್ಳಾಗುತ್ತದೆ. ವರದಿ ಬರಲು ಎರಡು ಮೂರು ದಿನ. ವರದಿ ಮೇಜಿಗೆ ಬರುವ ಹೊತ್ತಿಗೆ ಕಾಯಿ ಡ್ರಮ್ಮಿನೊಳಗೆ. ಜೊತೆಗೆ, ಸಂಜೆ ಇಳಿದ ಕ್ರೇಟಿನ ಮೇಲೆ ರೈತನ ಕೋಡ್ ಇರುತ್ತದೆ ನಿಜ, ರಾತ್ರಿ ಅದೆಲ್ಲ ಗ್ರೇಡಿಂಗ್ ಮೆಷಿನ್ನಿಗೆ ಸುರಿಯುತ್ತದೆ. ಮೆಷಿನ್ನಿಗೆ ದಪ್ಪ ಗೊತ್ತು, ಕೋಡ್ ಗೊತ್ತಿಲ್ಲ. ನಲವತ್ತು ಹೊಲಗಳ ಸಣ್ಣ ಕಾಯಿ ಒಂದು ಡ್ರಮ್ಮು, ದಪ್ಪ ಕಾಯಿ ಇನ್ನೊಂದು ಡ್ರಮ್ಮು. ಡ್ರಮ್ಮಿನ ನಂಬರಿನಿಂದ ಹಿಂದಕ್ಕೆ ಹೋದರೆ ಒಂದು ದಿನ, ಒಂದು ಹಾದಿಯ ಊರುಗಳು ಸಿಗುತ್ತವೆ, ಒಬ್ಬ ರೈತ ಸಿಗುವುದು ಅಪರೂಪ. 'ಜಾಡು ಹಿಡಿಯುವ ವ್ಯವಸ್ಥೆ' ಎಂದು ಬ್ರೋಷರುಗಳಲ್ಲಿ ಅಚ್ಚಾಗುವುದರ ಅಸಲು ಇಷ್ಟು.

ಮತ್ತೆ ಸಿಂಪಡಣೆ ಡೈರಿ. ಯಾವ ತಾರೀಕು, ಯಾವ ಔಷಧಿ, ಎಷ್ಟು ಮಿಲಿ ಎಂದು ಬರೆದಿಡುವ ಪುಸ್ತಕ. ತೊಂಬತ್ತು ದಿನದ ಬೆಳೆಯ ಡೈರಿಯನ್ನು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಒಂದು ಕಲೆಯೂ ಇಲ್ಲದೆ ಬರೆದದ್ದನ್ನು ಕಂಡಿದ್ದೇನೆ. ಹೊಲಕ್ಕೆ ಹೋದ ಪುಸ್ತಕಕ್ಕೆ ಮಣ್ಣು ಮೆತ್ತದಿರುತ್ತದೆಯೇ? ಆಡಿಟ್ಟಿಗೆ ಬಂದವರು ಅದನ್ನು ನೋಡಿ ಮೆಚ್ಚಿಕೊಂಡು ಹೋದರಂತೆ.

ಸಿಕ್ಕಿಬಿದ್ದರೆ ಏನಾಗುತ್ತದೆ? ಯುರೋಪಿನ ಒಂದು ಬಂದರಿನಲ್ಲಿ ಸಿಕ್ಕ ಸುದ್ದಿ ಅವರ ಎಚ್ಚರಿಕೆ ಜಾಲದ ಮೂಲಕ ಅಷ್ಟೂ ದೇಶಕ್ಕೆ ಹಬ್ಬುತ್ತದೆ. ಅಮೆರಿಕದಲ್ಲಿ ಕಂಪನಿಯ ಹೆಸರು ತಡೆಪಟ್ಟಿಗೆ ಸೇರಿದರೆ ಮುಂದಿನ ಸರಕನ್ನು ಪರೀಕ್ಷಿಸದೆಯೇ ಹಿಡಿದಿಡಬಹುದು. ಪಟ್ಟಿಯಿಂದ ಹೊರಬರಲು ಸಾಮಾನ್ಯವಾಗಿ ಸತತ ಐದು ಸರಕು ಸ್ವಂತ ಖರ್ಚಿನಲ್ಲಿ ಪಾಸಾಗಬೇಕು. 2003ರಲ್ಲಿ, ಮತ್ತೆ 2010ರಲ್ಲಿ ಮಹಾರಾಷ್ಟ್ರದ ದ್ರಾಕ್ಷಿಗೆ ಯುರೋಪಿನಲ್ಲಿ ಹೀಗೆ ಪೆಟ್ಟು ಬಿತ್ತು. ಮೊದಲ ಪೆಟ್ಟಿನ ನಂತರ ಅಪೇಡಾ ಗ್ರೇಪ್‌ನೆಟ್ ಕಟ್ಟಿತು: ಪ್ರತಿ ತೋಟಕ್ಕೂ ನೋಂದಣಿ, ಕುಯ್ಲಿಗೆ ಮೊದಲೇ ತೋಟದಲ್ಲೇ ಮಾದರಿ ತೆಗೆದು ಪರೀಕ್ಷೆ, ಪಾಸಾದರೆ ಮಾತ್ರ ಕತ್ತರಿ. ದ್ರಾಕ್ಷಿಗೆ ಅದು ಒಗ್ಗಿತು. ಆದರೆ ದ್ರಾಕ್ಷಿ ಗೊಂಚಲು ವಾರಗಟ್ಟಲೆ ಬಳ್ಳಿಯಲ್ಲಿ ಕಾಯುತ್ತದೆ. ಮಿಡಿಸೌತೆ ಒಂದು ರಾತ್ರಿಯೂ ಕಾಯುವುದಿಲ್ಲ.

ಆ ಅಕ್ಕ ಹೇಳಿದ್ದರ ತೂಕ ಇರುವುದು ಇಲ್ಲಿ. ಬೀಜ ಊರಿದ ಮೂವತ್ತು, ಮೂವತ್ತೈದು ದಿನಕ್ಕೆ ಶುರುವಾದರೆ ಮುಂದಿನ ಒಂದೂವರೆ ತಿಂಗಳು ದಿನಾ ಕುಯ್ಲು. ಕೆಜಿಗೆ 160ಕ್ಕಿಂತ ಹೆಚ್ಚು ಕಾಯಿ ತೂಗಿದರೆ ಒಳ್ಳೆಯ ರೇಟು, 25-40ಕ್ಕೆ ಇಳಿದರೆ ಕೇಳುವವರಿಲ್ಲ. ಒಂದು ದಿನ ತಪ್ಪಿದರೆ ಕಾಯಿ ಒಂದು ಗ್ರೇಡು ಕೆಳಗಿಳಿಯುತ್ತದೆ. ಊರ ಸಂತೆಯಲ್ಲಿ ಇದಕ್ಕೆ ಬೆಲೆ ಇಲ್ಲ, ಕಂಪನಿ ಬೇಡ ಅಂದದ್ದು ದನದ ಮುಂದೆ ಬೀಳುತ್ತದೆ. ಬೀಜ, ಗೊಬ್ಬರ, ಔಷಧಿ ಎಲ್ಲ ಕಂಪನಿಯದೇ ಸಾಲ, ಬಿಲ್ಲಿನಲ್ಲಿ ಹಿಡಿದುಕೊಳ್ಳುತ್ತಾರೆ. ಇಂಥದ್ದರಲ್ಲಿ ಕಾಗದದ ಮೇಲೆ 'ಸಿಂಪಡಿಸಿ ಮೂರು ದಿನ ಕಾಯಿರಿ' ಎಂದು ಬರೆದರೆ ಅದು ಸಲಹೆಯಲ್ಲ, ದಂಡ.

ಆ ದಂಡ ಎಷ್ಟು? ಸರ್ಕಾರದ್ದೇ ಅಂಕಿ ಹಿಡಿಯೋಣ. ಎಕರೆಗೆ ಸರಾಸರಿ 4 ಟನ್ ಇಳುವರಿ, ಸುಮಾರು 80,000 ರೂಪಾಯಿ ಆದಾಯ. ಅಂದರೆ ಕೆಜಿಗೆ 20 ರೂಪಾಯಿ. 45 ದಿನದ ಕುಯ್ಲಿಗೆ ಹಂಚಿದರೆ ದಿನಕ್ಕೆ 90 ಕೆಜಿ, 1,800 ರೂಪಾಯಿ ಆಸುಪಾಸು. ಮೂರು ದಿನದ ಕಾಯಿ ಪೂರಾ ಮಣ್ಣುಪಾಲಾದರೂ ಎಕರೆಗೆ 5,400 ರೂಪಾಯಿ. ಈಗ ಇನ್ನೊಂದು ತಟ್ಟೆ: 2020-21ರ ರಫ್ತಿನ ಮೊತ್ತವನ್ನು ಟನ್ನಿಗೆ ಹಂಚಿದರೆ ಸುಮಾರು 1,000 ಡಾಲರ್. 18 ಟನ್ನಿನ ಒಂದು ಕಂಟೇನರ್ ವಾಪಸಾದರೆ ಆಗಿನ ದರದಲ್ಲೇ 13 ಲಕ್ಷ ರೂಪಾಯಿಗೂ ಮೇಲೆ, ಹಡಗಿನ ಬಾಡಿಗೆ, ನಾಶಪಡಿಸುವ ಖರ್ಚು, ಕಳೆದುಹೋದ ಗಿರಾಕಿ ಬಿಟ್ಟು. ಇನ್ನೂರ ನಲವತ್ತು ಎಕರೆಯ ಮೂರು ದಿನದ ಕುಯ್ಲಿಗೆ ಪೂರ್ತಿ ಹಣ ಕೊಟ್ಟರೂ ಒಂದು ಕಂಟೇನರಿಗೆ ಸಮ. ಕಂಪನಿಗಳ ಲೆಕ್ಕಿಗರಿಗೆ ಈ ಗುಣಾಕಾರ ಬರುವುದಿಲ್ಲ ಅಂತಲ್ಲ. ಕಂಟೇನರಿನ ನಷ್ಟ ಎಂದೋ ಬರಬಹುದಾದದ್ದು, ರೈತನಿಗೆ ಕೊಡುವ ಹಣ ಇವತ್ತೇ ಕೈಬಿಡುವಂಥದ್ದು. ಹಾಗಾಗಿ ಈ ಲೆಕ್ಕ ಮುಂದಿನ ಹಂಗಾಮಿಗೆ ಹೋಗುತ್ತಲೇ ಇರುತ್ತದೆ.

2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ 50% ಸುಂಕ ಹೇರಿದಾಗ ಉದ್ಯಮ ದೆಹಲಿಯ ಬಾಗಿಲು ತಟ್ಟಿತು. ತಟ್ಟಬೇಕಾದ್ದೇ. ಸುಂಕದ ಬಗ್ಗೆ ಮಂತ್ರಿಗಳು ಕೂತು ಮಾತಾಡಬಹುದು, ಇಳಿಸಬಹುದು. 0.01ರ ಬಗ್ಗೆ ಮಂತ್ರಿಗಳು ಕೂತರೆ ಏನೂ ಇಳಿಯುವುದಿಲ್ಲ. ಅಮೆರಿಕದ ದಾರಿ ಕಷ್ಟವಾದಷ್ಟೂ ಸರಕು ಯುರೋಪಿನ ಕಡೆ ತಿರುಗಬೇಕಾಗುತ್ತದೆ, ಅಲ್ಲಿ ಕಾದಿರುವುದು ಇದೇ ಉಳಿಕೆಯ ಪಟ್ಟಿ. ಇದೇ ಹೊಲಗಳ ಪಕ್ಕದಲ್ಲಿ ಬೆಳೆದು ಬೆಂಗಳೂರಿನ ಮಾರುಕಟ್ಟೆಗೆ ಹೋಗುವ ಟೊಮ್ಯಾಟೊಗೆ ದಾರಿಯಲ್ಲಿ ಒಂದು ಪರೀಕ್ಷೆಯೂ ಎದುರಾಗುವುದಿಲ್ಲ ಎಂಬುದನ್ನೂ ನಾನು ಬಿಟ್ಟು ಹೋಗಲಾರೆ. ಹ್ಯಾಂಬರ್ಗಿನವನ ಹೊಟ್ಟೆಗೆ ಇರುವ ಕಾವಲು ಹೆಬ್ಬಾಳದವನ ಹೊಟ್ಟೆಗಿಲ್ಲ.

ಕುಯ್ಯದ ದಿನಕ್ಕೂ ದುಡ್ಡು ಕೊಡಿ ಎಂದು ನಾನು ಹೇಳಿದಾಗ ಕಾರ್ಖಾನೆಯೊಂದರ ವ್ಯವಸ್ಥಾಪಕರು ನಕ್ಕರು. "ಹಂಗೆ ಮಾಡಿದ್ರೆ ಎಲ್ಲರೂ ಔಷಧಿ ಹೊಡೆದ್ವಿ ಅಂತ ದಪ್ಪ ಕಾಯಿ ತಂದು ಸುರೀತಾರೆ ಸಾರ್." ತಳ್ಳಿಹಾಕುವ ಮಾತಲ್ಲ. ಆದರೆ ಔಷಧಿ ಕೊಡುವುದೇ ಕಂಪನಿ. ಯಾರಿಗೆ ಎಷ್ಟು ಬಾಟಲಿ ಹೋಗಿದೆ ಎಂದು ಸಾಲದ ಪುಸ್ತಕದಲ್ಲೇ ಇದೆ. ಖಾಲಿ ಬಾಟಲಿ ಶೆಡ್ಡಿಗೆ ತಂದು ಒಪ್ಪಿಸಿದವರಿಗೆ ಆ ದಿನದಿಂದ ಮೂರು ದಿನ ದಪ್ಪ ಕಾಯಿಗೂ ನಡುವಿನ ಗ್ರೇಡಿನ ರೇಟು, ಆ ಕಾಯಿ ಬೇರೆ ಕ್ರೇಟಿನಲ್ಲಿ, ಬೇರೆ ಡ್ರಮ್ಮಿಗೆ, ವರದಿ ಬಂದ ಮೇಲೆ ಅದರ ದಾರಿ. ಬಾಟಲಿ ತಾರದವರಿಗೆ ಎಂದಿನ ರೇಟು. ಪಕ್ಕದ ಡೈರಿಯಲ್ಲಿ ಇಪ್ಪತ್ತು ವರ್ಷದಿಂದ ಫ್ಯಾಟು ನೋಡಿ ಹಾಲಿಗೆ ದುಡ್ಡು ತೆಗೆದುಕೊಳ್ಳುತ್ತಿರುವ ಊರಿಗೆ ಈ ಲೆಕ್ಕ ಕಲಿಸಲು ಕಾರ್ಯಾಗಾರ ಬೇಕಾಗಲಿಕ್ಕಿಲ್ಲ.